ಮಟಮಟ ಮಧ್ಯಾಹ್ನ ಕಾಯಿಲ್ ಪರೀಕ್ಷೆ ಮಾಡಿದ ವಿಷಯ

ಆದ್ದರಿಂದ, ನಿನ್ನೆ ಹೇಳುತ್ತಿದ್ದಂತೆ, ಗಾಡಿ ಸತ್ತಿರಲಿಲ್ಲ. ಅಷ್ಟು ಬರೆದುಕೊಳ್ಳುವಷ್ಟರಲ್ಲಿ ಠಾಣೆಯ ಪೇದೆಯವರಿಗೆ ಕೈನೋವು ಬಂದು, ಉಳಿದದ್ದನ್ನು ನಾಳೆ ಬಂದು ನೀವೇ ಬರೆದುಕೊಡಿ ಯಜಮಾನ್ರೇ, ನಿಮ್ಮ ಬಾಯಿಗೆ ನನ್ನ ಪೆನ್ನು ಸಾಲಲ್ಲ ಎಂದರು. ಹೆಸರು, ವಿಳಾಸ ನಿನ್ನೆಯ ಹಾಳೆಯಲ್ಲಿವೆ. ವಯಸ್ಸು ಅರವತ್ತೇಳು, ನೀರು ಸರಬರಾಜು ಕಚೇರಿಯ ನಿವೃತ್ತ ಗುಮಾಸ್ತ, ಹೆಂಡತಿ ತೀರಿಕೊಂಡಿದ್ದಾಳೆ. ಐ ಬೆಗ್ ಟು ಸ್ಟೇಟ್, ಅಂದರೆ ಈ ಮೂಲಕ ತಿಳಿಸುವುದೇನೆಂದರೆ:

ಸದರಿ ಮೋಟರ್ ಸೈಕಲ್ ನನ್ನ ಹೆಂಡತಿಯದು. ಓಡಿಸುತ್ತಿದ್ದವಳೂ ಅವಳೇ, ನಾನು ಹಿಂದೆ ಕೂರುವವನು. ಅವಳು ಹೋದಮೇಲೆ ದಿನಾ ಸಂಜೆ ಮೆಟ್ಟಿಲ ಕೆಳಗೆ ನಿಂತಿರುವ ಅದಕ್ಕೆ ಕಿಕ್ ಹೊಡೆದು, ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುತ್ತೇನೆ. ಇದು ನ್ಯೂಸೆನ್ಸ್ ಎಂದು ಕೆಳಮನೆಯಲ್ಲಿರುವ ನನ್ನ ಬಾಮೈದ, ಅಂದರೆ ಅವಳ ಒಡಹುಟ್ಟಿದ ತಮ್ಮ, ಹೇಳುತ್ತಾನೆ. ಆ ಜಾಗದಲ್ಲಿ ಅವನಿಗೆ ವಾಷಿಂಗ್ ಮಷೀನ್ ಇಡಬೇಕಾಗಿದೆ.

ಮೊನ್ನೆ ಮಧ್ಯಾಹ್ನ ಹನ್ನೆರಡೂವರೆಗೆ ಊಟಕ್ಕೆ ಕೂತಿದ್ದ ನಾನು ಕಿಕ್ ಹೊಡೆಯುವ ಸದ್ದು ಕೇಳಿ ಎಂಜಲು ಕೈಯಲ್ಲೇ ಇಳಿದೆನು. ಬಾಮೈದ ಗಾಡಿಯನ್ನು ರಸ್ತೆಗೆ ತಂದು, ಚೋಕ್ ಎಳೆದು, ಒದ್ದೂ ಒದ್ದೂ ಪ್ಲಗ್ಗನ್ನು ಪೆಟ್ರೋಲಿನಲ್ಲಿ ನೆನೆಸಿಬಿಟ್ಟಿದ್ದನು. ಪಕ್ಕದಲ್ಲಿ ಮೆಕ್ಯಾನಿಕ್, ಅವನ ಹಿಂದೆ ತಳ್ಳುಗಾಡಿ ಸಮೇತ ಗುಜರಿಯವನು. ರಿಪೇರಿಗೆ ಕರೆಸಿದವನು ಗುಜರಿಯವನನ್ನೂ ಜೊತೆಗೇ ಏಕೆ ಕರೆಸಿದನು ಎಂಬುದನ್ನು ಇಲಾಖೆಯವರು ದಯವಿಟ್ಟು ಗಮನಿಸಬೇಕು.

ಕಾಯಿಲ್ ಎಂದರೆ ಪ್ಲಗ್ಗಿಗೆ ಕಿಡಿ ಕೊಡುವ ಡಬ್ಬಿ, ಮುಷ್ಟಿಗಿಂತ ಚಿಕ್ಕದು. ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಒರೆಸಿ, ಕಾಯಿಲಿನ ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದನು. ಕಾಯಿಲ್ ಸರಿಯಿದ್ದರೆ ಕಿಕ್ ಹೊಡೆದಾಗ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಬೇಕು. ಬಾಮೈದ ಕಿಕ್ ಹೊಡೆದನು. ನೆತ್ತಿ ಬಿರಿಯುವ ಬಿಸಿಲು. ನಾಲ್ವರೂ ಬಗ್ಗಿ ನೋಡಿದೆವು, ಏನೂ ಕಾಣಲಿಲ್ಲ. ಕಾಯಿಲ್ ಹೋಗಿದೆ, ಈ ಮಾಡೆಲ್ಲಿಗೆ ಹೊಸದು ಹುಡುಕಿದರೂ ಸಿಗಲ್ಲ ಎಂದು ಮೆಕ್ಯಾನಿಕ್ ಹೇಳಿದನು. ಮೀಟರ್ ಇಟ್ಟು ನೋಡಪ್ಪ ಎಂದರೆ, ಕಣ್ಣಿಗೆ ಕಾಣೋದಕ್ಕೆ ಮೀಟರ್ ಯಾಕೆ ಯಜಮಾನ್ರೇ ಎಂದನು. ಆಗ ಬಾಮೈದ, ಬಿಡಿ ಭಾವ, ಸತ್ತಿದ್ದನ್ನ ಇನ್ನೆಷ್ಟು ದಿನ ಒದ್ದು ಎಬ್ಬಿಸ್ತೀರಿ ಎಂದನು. ಸ್ವಂತ ಅಕ್ಕನ ಗಾಡಿಯ ಬಗ್ಗೆ ಅವನು ಆಡಿದ ಮಾತು ಇದು. ನನಗೆ ಮೈಯೆಲ್ಲ ಉರಿದು, ಕಾಯಿಲ್ ಸತ್ತಿದ್ದರೆ ತಗೊಂಡು ಹಾಳಾಗಿ ಹೋಗಿ ಎಂದೆನು. ದಿಸ್ ಐ ಅಡ್ಮಿಟ್. ಆದರೆ ಅದು ಷರತ್ತಿನ ಮಾತು. ಕಾಂಟ್ರ್ಯಾಕ್ಟ್ ಆ್ಯಕ್ಟಿನಲ್ಲಿ ಇದಕ್ಕೊಂದು ಹೆಸರಿದೆ, ಬಿ.ಕಾಂ. ಎರಡನೇ ವರ್ಷದಲ್ಲಿ ಓದಿದ್ದೆ, ಮರೆತಿದೆ. ಅಷ್ಟರಲ್ಲಿ ಗುಜರಿಯವನು ಗಾಡಿಯನ್ನು ಹೇರಿಕೊಂಡು ಹೋಗಿಯಾಗಿತ್ತು.

ಅದೇ ಸಂಜೆ ಹಾಲು ಕಾಯಿಸಲು ಗ್ಯಾಸಿಗೆ ಲೈಟರ್ ಒತ್ತಿದೆನು. ಅಡುಗೆಮನೆಯ ಬಲ್ಬು ಹೋಗಿ ವಾರವಾಗಿದೆ. ಕತ್ತಲಲ್ಲಿ ಕಿಡಿ ಝಗ್ಗೆಂದಿತು. ಹಾಲು ಅಲ್ಲಿಗೇ ಬಿಟ್ಟು ಕೂತುಬಿಟ್ಟೆನು. ನನ್ನ ಹೆಂಡತಿ ಪ್ಲಗ್ಗಿನ ಕಿಡಿ ನೋಡುತ್ತಿದ್ದದ್ದು ಯಾವಾಗಲೂ ಮುಸ್ಸಂಜೆಗೆ, ಮೆಟ್ಟಿಲ ಕೆಳಗೆ. ಬೀದಿದೀಪದ ಬೆಳಕು ಬಿದ್ದರೆ ನನ್ನನ್ನು ಅಡ್ಡ ನಿಲ್ಲಿಸಿ, ಅಲ್ಲೇ ಇರಿ, ಮದುವೆಯಾಗಿದ್ದಕ್ಕೆ ಇಷ್ಟಾದರೂ ಉಪಯೋಗಕ್ಕೆ ಬನ್ನಿ ಎನ್ನುತ್ತಿದ್ದಳು.

ನಿನ್ನೆ ಮಧ್ಯಾಹ್ನ ಅದೇ ಲೈಟರನ್ನು ರಸ್ತೆಗೆ ಒಯ್ದು ಬಿಸಿಲಲ್ಲಿ ಒತ್ತಿದೆನು. ಟಕ್ ಟಕ್ ಎಂದಿತೇ ಹೊರತು ಕಿಡಿ ಕಾಣಲಿಲ್ಲ. ಬೆಳಿಗ್ಗೆ ಒಲೆ ಹೊತ್ತಿಸಿದ ಲೈಟರ್! ನೇರ ಗುಜರಿ ಅಂಗಡಿಗೆ ಹೋಗಿ ತೋರಿಸಿದೆನು. ಲೈಟರಿಗೂ ಗಾಡಿಗೂ ಏನು ನೆಂಟಸ್ತಿಕೆ ತಾತ ಎಂದು ಗುಜರಿಯವನು ನಕ್ಕನು. ಆಗ ನಾನು ಗಾಡಿ ಹತ್ತಿ ಕೂತೆನು. ಜನ್ಮದಲ್ಲಿ ಮೊದಲ ಸಲ ಮುಂದಿನ ಸೀಟಿನಲ್ಲಿ. ಹೊತ್ತೊಯ್ಯುವುದಾದರೆ ನನ್ನನ್ನೂ ಸೇರಿಸಿ ತೂಕ ಹಾಕು ಎಂದೆನು. ಅವನು ನಿಮಗೆ ಫೋನ್ ಮಾಡಿದ್ದು ಆಗಲೇ. ಇದನ್ನು ಟ್ರೆಸ್‌ಪಾಸ್ ಎನ್ನುವುದಾದರೆ ಎನ್ನಲಿ.

ಈ ದಿನ ನಾಲ್ಕು ಗಂಟೆಗೆ ಗಾಡಿ ಸಮೇತ ಎಲ್ಲರನ್ನೂ ಠಾಣೆಗೆ ಕರೆಸಲಾಯಿತು. ಅಂಗಳದಲ್ಲೇ ಕಾಯಿಲ್ ಪರೀಕ್ಷೆಯಾಗಲಿ, ಕಿಡಿ ಬಂದರೆ ಗಾಡಿ ಇವರದು, ಬರದಿದ್ದರೆ ಕೊಟ್ಟ ಮಾತಿನಂತೆ ಗುಜರಿಗೆ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದರು. ಮೊದಲು ಹೇಳಿಕೆ ಪೂರ್ತಿ ಬರೆದುಕೊಡುತ್ತೇನೆ ಎಂದು ನಾನು ಹಟ ಹಿಡಿದೆನು. ಭಾವನಿಗೆ ನಡುಕ ಹುಟ್ಟಿದೆ, ನೋಡಿ ಎಂದು ಬಾಮೈದ ಬೆಂಚಿನ ಮೇಲಿಂದ ಹೇಳಿದನು. ನಡುಕವಲ್ಲ, ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಇಷ್ಟುದ್ದ ಬರೆಯುತ್ತ ಕೂತದ್ದು ಅದಕ್ಕೇ.

ಈಗ ಹಾಳೆಯ ಮೇಲಿನ ಗೆರೆ ಕಾಣುತ್ತಿಲ್ಲ. ಪೇದೆಯವರು ದೀಪ ಹಾಕಲು ಎದ್ದಿದ್ದಾರೆ, ಬೇಡ ಎಂದಿದ್ದೇನೆ. ಬರೆದದ್ದೆಲ್ಲ ನಾನು ಕಂಡದ್ದು, ಕೇಳಿದ್ದು, ಒಂದಕ್ಷರ ಸುಳ್ಳಿಲ್ಲ. ಸ್ಥಳ ಇದೇ ಠಾಣೆ, ದಿನಾಂಕ ಈ ದಿನದ್ದು. ಸಹಿಯನ್ನು ಒಳಗೆ ಬಂದಮೇಲೆ ಹಾಕುತ್ತೇನೆ. ಎಲ್ಲರೂ ಅಂಗಳಕ್ಕೆ ಬನ್ನಿ. ಪ್ಲಗ್ಗನ್ನು ಮೆಕ್ಯಾನಿಕ್ಕೇ ಹಿಡಿಯಲಿ, ಕಿಕ್ಕನ್ನು ಬಾಮೈದನೇ ಹೊಡೆಯಲಿ. ಗೇಟಿನ ದೀಪಕ್ಕೆ ನಾನು ಅಡ್ಡ ನಿಲ್ಲುತ್ತೇನೆ.