ಮಣ್ಣಿಗೆಷ್ಟು, ಟಾರಿಗೆಷ್ಟು?

ಆ ಕಿಟಕಿ ಹಾಕ್ಬಿಡಿ ಮೊದಲು... ಹಾಂ. ಈಗ ಹೇಳ್ತೀನಿ. ಮಧ್ಯದಲ್ಲಿ ಯಾರೂ ನಗಬೇಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನನ್ನ ಸ್ವಂತ ಚಿಕ್ಕಪ್ಪನ ಮಗಳಿಗೆ ಆದದ್ದು. ಮನೆಯಲ್ಲಿ ಎಲ್ಲರೂ ಅವಳನ್ನ ಚೂಟಿ ಅಂತಲೇ ಕರೆಯೋದು. ಆಸ್ಪತ್ರೆಯಲ್ಲಿ ನರ್ಸು, ಹೆರಿಗೆ ಮಾಡಿಸೋದೇ ಕೆಲಸ. ರಕ್ತ ನೋಡಿದ್ದಾಳೆ, ಹೆಣ ನೋಡಿದ್ದಾಳೆ. ದೆವ್ವ ಅಂದ್ರೆ "ಕರ್ಕೊಂಡ್ ಬನ್ನಿ, ಬಿಪಿ ನೋಡಿ ಕಳಿಸ್ತೀನಿ" ಅನ್ನೋ ಪೈಕಿ. ಅಂಥವಳು...

ಅವತ್ತು ಡ್ಯೂಟಿ ಮುಗಿಸಿ ಬರೋವಾಗ ಕತ್ತಲಾಗಿ ತುಂಬಾ ಹೊತ್ತಾಗಿತ್ತು. ದಾರಿಯಲ್ಲಿ ಬೈಕಿನ ಹಿಂದಿನ ಚಕ್ರ ಪಂಚರ್. ಆ ಟೈರು ಸವೆದು ಸವೆದು ಬೋಳುತಲೆ ಆಗಿತ್ತು, ಚುಚ್ಚೋಕೆ ಮುಳ್ಳು ಕಷ್ಟಪಡಬೇಕಾಗೇ ಇರಲಿಲ್ಲ. ಇಳಿದು ತಳ್ಕೊಂಡು ಹೊರಟ್ಲು. ಹಿಂದೆ ಮುಂದೆ ಒಂದು ನರಪಿಳ್ಳೆ ಇಲ್ಲ.

ಆ ರಸ್ತೆಯಲ್ಲಿ ಒಂದು ತಿರುವಿದೆ. ತಿರುವಿನ ಹೊರಮಗ್ಗುಲಿಗೆ ಒಂದು ಹಳೇ ಬಾವಿ. ಬಾವಿ ಕಟ್ಟೆ ಒಂದು ಕಡೆ ಒಡೆದಿದೆ. ರಸ್ತೆ ಕಡೆಗೇ ಒಡೆದಿರೋದು.

ಅಲ್ಲಿವರೆಗೂ ಅವಳಿಗೆ ಕೇಳಿಸ್ತಿದ್ದದ್ದು ಒಂದೇ ಸದ್ದು. ಗಾಳಿ ಹೋದ ಟೈರಿಂದು. ಲಪ್... ಲಪ್... ಲಪ್...

ಕಟ್ಟೆ ಹತ್ರ ಸುಧಾರಿಸಿಕೊಳ್ಳೋಕೆ ನಿಂತ್ಲು. ಸದ್ದೂ ನಿಂತಿತು.

ಆಮೇಲೆ... ಪಟ್.

ರಬ್ಬರಿನ ಮೇಲೆ ಅಂಗೈಯಲ್ಲಿ ತಟ್ಟಿದ ಹಾಗೆ.

ತಿರುಗಿ ನೋಡಿದ್ಲು. ಹಿಂದಿನ ಚಕ್ರದ ಪಕ್ಕದಲ್ಲಿ ಒಬ್ಬ ಕುಕ್ಕರಗಾಲಲ್ಲಿ ಕೂತಿದ್ದ. ಮುಖ ಕಾಣಿಸ್ತಿಲ್ಲ. ಹೆಬ್ಬೆರಳಲ್ಲಿ ಟೈರು ಒತ್ತಿ ಒತ್ತಿ ನೋಡ್ತಿದ್ದಾನೆ. ಯಾವುದೋ ಮೆಕ್ಯಾನಿಕ್ಕು, ಮನೆಗೆ ಹೋಗ್ತಾ ನಿಂತಿದ್ದಾನೆ ಅಂದ್ಕೊಂಡ್ಲು.

"ಸವೆದುಹೋಗಿದೆ," ಅಂದ. ಪಿಸುಮಾತು. ಗಂಟಲು ಕಟ್ಟಿದವರ ಥರ.

"ಹೌದಣ್ಣ, ನಾಳೆ ಬದಲಾಯಿಸ್ತೀನಿ."

"ಮಣ್ಣಿಗೆಷ್ಟು... ಟಾರಿಗೆಷ್ಟು?"

ಅರ್ಥ ಆಗೋಕೆ ಅವಳಿಗೆ ಒಂದು ಕ್ಷಣ ಬೇಕಾಯ್ತು. ಮಣ್ಣು ದಾರಿಯಲ್ಲಿ ಎಷ್ಟು ಓಡಿಸ್ತೀಯ, ಟಾರ್ ರಸ್ತೆಯಲ್ಲಿ ಎಷ್ಟು ಅಂತ ಕೇಳ್ತಿದ್ದಾನೆ.

"ಹತ್ತರಲ್ಲಿ ಎಂಟು ಪಾಲು ಟಾರೇ. ಕಲ್ಲು ಕ್ವಾರಿ ಮನೆಗಳಿಗೆ ಹೋಗೋವಾಗ ಮಾತ್ರ ಮಣ್ಣು."

"ಹಾಗಾದ್ರೆ ಹಲ್ಲಿನ ಟೈರು ಬೇಡ."

"ಯಾಕೆ?"

"ನಾನು ಹಾಕ್ಕೊಂಡಿದ್ದೆ."

ಮುಖ ನೋಡೋಣ ಅಂತ ಬ್ಯಾಗಿಂದ ಮೊಬೈಲ್ ತೆಗೆದು ಬೆಳಕು ಬಿಟ್ಲು. ಯಾರೂ ಇಲ್ಲ. ಓಡಿಹೋದ ಹೆಜ್ಜೆ ಸದ್ದಿಲ್ಲ, ಪೊದೆ ಅಲ್ಲಾಡಿಲ್ಲ. ಟೈರಿನ ಮೇಲೆ ಅವನು ಒತ್ತಿದ ಜಾಗ ಮಾತ್ರ ಒದ್ದೆ ಒದ್ದೆ... ಅವತ್ತಿನ್ನೂ ಮಳೆ ಶುರುವಾಗಿರಲಿಲ್ಲ ರೀ.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಕುಡುಕ ಯಾರೋ ಅಂತ ತನಗೆ ತಾನೇ ಹೇಳಿಕೊಂಡು ಮಲಗಿದ್ಲು.

ಬೆಳಿಗ್ಗೆ ಟೈರಿನ ಅಂಗಡಿಗೆ ಹೋದ್ಲು. ಅಂಗಡಿಯವನನ್ನ ಎಲ್ಲರೂ ಟೈರಣ್ಣ ಅಂತಾರೆ. ಮಾತಿನ ಮಲ್ಲ. ಬೋಳು ಟೈರು ನೋಡಿದವನೇ, "ಏನಮ್ಮಾ, ಇದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋತೀಯಾ?" ಅಂದ. ಮೂರು ಥರದ ಟೈರು ಇಳಿಸಿ ಗೋಡೆಗೆ ಒರಗಿಸಿದ.

"ಈ ನುಣ್ಣಗಿರೋದು ಟಾರ್ ರಸ್ತೆಗೆ ಬೆಣ್ಣೆ. ಕೆಸರು ಕಂಡ್ರೆ ಮಾತ್ರ ತವರಿಗೆ ಓಡುತ್ತೆ. ಈ ದೊಡ್ಡ ಹಲ್ಲಿಂದು ಕೆಸರಲ್ಲಿ ಹುಲಿ. ಆದ್ರೆ ಟಾರಿನ ಮೇಲೆ ಹಲ್ಲಿನ ತುದಿ ಮಾತ್ರ ನೆಲ ಮುಟ್ಟೋದು, ಮಳೆ ಬಂತೋ... ಎಣ್ಣೆ ಮೇಲೆ ಕಾಲಿಟ್ಟ ಹಾಗೆ. ಈ ನಡುವಿನದು ನೋಡು. ಹಲ್ಲು ಚಿಕ್ಕದು, ಒತ್ತೊತ್ತಾಗಿದೆ. ಎರಡೂ ಕಡೆ ಸಂಸಾರ ಮಾಡುತ್ತೆ. ಎರಡೂ ಕಡೆ ರಾಜ ಅಲ್ಲ, ಆದ್ರೆ ಎಲ್ಲೂ ಮರ್ಯಾದೆ ಕಳೆಯಲ್ಲ." ಕೈ ಒರೆಸಿಕೊಳ್ಳುತ್ತಾ ಕೇಳಿದ. "ನಿಂದು ಹೇಳು. ಮಣ್ಣಿಗೆಷ್ಟು, ಟಾರಿಗೆಷ್ಟು?"

ಚೂಟಿ ಒಂದು ಹೆಜ್ಜೆ ಹಿಂದೆ ಸರಿದ್ಲು.

"ನಿನ್ನೆ ರಾತ್ರಿ ಒಬ್ಬರು ಇದೇ ಮಾತು ಕೇಳಿದ್ರು ಟೈರಣ್ಣ. ಹೀಗೇ."

"ಎಲ್ಲಿ?"

"ಬಾವಿ ತಿರುವಲ್ಲಿ."

ಅವನ ಕೈಯಲ್ಲಿ ಗಾಳಿ ಪೈಪು ಇತ್ತು. ಸುಸ್ಸ್... ಅಂತ ಗಾಳಿ ಹೋಗ್ತಾನೇ ಇದೆ, ನಿಲ್ಲಿಸಬೇಕು ಅನ್ನೋ ಪರಿವೆ ಅವನಿಗಿಲ್ಲ.

"ಏನು ಹೇಳಿದ?" ಅಂದ, ಮೆಲ್ಲಗೆ.

"ಹಲ್ಲಿನದು ಬೇಡ ಅಂದ."

"ಹಾಗಾದ್ರೆ ಬೇಡ." ದೊಡ್ಡ ಹಲ್ಲಿನ ಟೈರು ಎತ್ತಿ ಒಳಗಿಡೋಕೆ ಹೋದ.

ಚೂಟಿ ಅದನ್ನ ಹಿಡ್ಕೊಂಡ್ಲು. "ನನಗೆ ಅದೇ ಬೇಕು."

ಯಾಕೆ ಅಂತ ನನಗೆ ಗೊತ್ತು. ಹೋದ ಮಳೆಗಾಲದಲ್ಲಿ ಕ್ವಾರಿಯಿಂದ ಫೋನ್ ಬಂದಿತ್ತು, ಹೆರಿಗೆ ನೋವು ಅಂತ. ಟಾರ್ ಮುಗಿದು ಮಣ್ಣಿಗೆ ಇಳಿದಿದ್ದೇ ತಡ, ಬೈಕಿನ ಚಕ್ರ ಗಿರ್ರ್ ಅಂತ ತಿರುಗಿದ್ದೇ ತಿರುಗಿದ್ದು, ಬೈಕು ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಅವಳು ಬೈಕು ಬಿಟ್ಟು ಮೊಣಕಾಲುದ್ದ ಕೆಸರಲ್ಲಿ ಓಡಿ ಹೋಗೋ ಹೊತ್ತಿಗೆ ಮಗು ಹುಟ್ಟಿತ್ತು. ಅಳಲಿಲ್ಲ. ಏನೇನು ಮಾಡಿದ್ರೂ ಅಳಲಿಲ್ಲ. ಆ ತಾಯಿ ಒಂದು ಮಾತು ಬೈಲಿಲ್ಲವಂತೆ. "ಆದ್ರೂ ಬಂದ್ಯಲ್ಲ ಅಕ್ಕ," ಅಂದ್ಲಂತೆ. ಬೈದಿದ್ರೇ ಚೆನ್ನಾಗಿತ್ತು ಅಂತ ಚೂಟಿ ನನ್ನ ಹತ್ರ ಅತ್ತಿದ್ಲು. ಅದೇ ತಾಯಿ ಈಗ ಮತ್ತೆ ತುಂಬು ಬಸುರಿ. ಮತ್ತೆ ಮಳೆಗಾಲ ಬರ್ತಿದೆ.

ಟೈರಣ್ಣ ಎಷ್ಟೋ ಹೇಳಿ ನೋಡಿದ. "ನಡುವಿನದು ಹಾಕ್ಕೋ, ಮಣ್ಣಲ್ಲೂ ನಿನ್ನ ಕೈ ಬಿಡಲ್ಲ. ಸ್ವಲ್ಪ ನಿಧಾನ, ಅಷ್ಟೇ."

"ನನಗೆ ನಿಧಾನ ಬೇಡ," ಅಂದ್ಲು.

ಹಾಕಿಕೊಟ್ಟ. ಹಾಕೋವಾಗ ಒಂದು ಜೋಕೂ ಹೇಳಲಿಲ್ಲವಂತೆ.

ಆ ಟೈರಿನ ಸದ್ದು ಕೇಳಿದ್ದೀರಾ? ಟಾರಿನ ಮೇಲೆ ಗೊಂಯ್ಯ್ಯ್... ಅಂತ ಒಂದೇ ಸಮ ಹಾಡುತ್ತೆ. ಜೋರಾಗಿ ಹೋದ್ರೆ ಸಣ್ಣ ಸ್ವರ, ನಿಧಾನ ಮಾಡಿದ್ರೆ ದಪ್ಪ ಸ್ವರ. ಅವಳು ನಮ್ಮನೆಗೆ ಬಂದ್ರೆ ಬಾಗಿಲು ತಟ್ಟಬೇಕಾಗಿರಲಿಲ್ಲ, ರಸ್ತೆಯಲ್ಲೇ ಗೊತ್ತಾಗೋದು.

ಸರಿ. ಮಳೆ ಹಿಡೀತು. ಒಂದು ರಾತ್ರಿ ಫೋನ್ ಬಂತು. ಆ ತಾಯಿಯ ಗಂಡ. "ಅಕ್ಕ, ನೀರು ಹೋಗ್ತಿದೆ... ಬೇಗ ಬಾ."

ರೈನ್‌ಕೋಟು ಏರಿಸಿದ್ಲು, ಬ್ಯಾಗು ಹೆಗಲಿಗೆ ಹಾಕಿದ್ಲು, ಹೊರಟ್ಲು. ಮಳೆ ಜೋರಿಲ್ಲ, ಜಿಟಿಜಿಟಿ. ಟಾರು ಕನ್ನಡಿ ಥರ ಹೊಳೀತಿದೆ. ಟೈರು ಹಾಡ್ತಿದೆ, ಗೊಂಯ್ಯ್ಯ್...

ತಿರುವು ಹತ್ರ ಬಂತು. ವೇಗ ತಗ್ಗಿಸಿದ್ಲು. ಟೈರಿನ ಸ್ವರ ದಪ್ಪ ಆಯ್ತು.

ಇನ್ನೊಂದು ಸ್ವರ ದಪ್ಪ ಆಗಲಿಲ್ಲ.

ಹಿಂದೆ... ಇನ್ನೊಂದು ಬೈಕು. ಅಂಥದ್ದೇ ಟೈರು. ಗೊಂಯ್ಯ್ಯ್... ಜೋರಾಗಿ ಬರ್ತಿದೆ. ಕನ್ನಡಿ ನೋಡಿದ್ಲು. ಕನ್ನಡಿ ತುಂಬ ಕತ್ತಲೆ, ಲೈಟಿಲ್ಲ. ಕಿವಿಗೊಟ್ಟು ಕೇಳಿದ್ಲು. ಇಂಜಿನ್ ಸದ್ದೂ ಇಲ್ಲ. ಬರೀ ಟೈರು. ಬರೀ ಎರಡು ಚಕ್ರ ಒದ್ದೆ ಟಾರಿನ ಮೇಲೆ ಉರುಳಿ ಬರೋ ಸದ್ದು.

ಅದು ಹಿಂದಿಂದ ಪಕ್ಕಕ್ಕೆ ಬಂತು. ಬಾವಿಯ ಪಕ್ಕಕ್ಕೆ.

ಅವಳು ಆ ಕಡೆ ನೋಡಲಿಲ್ಲ. ನೋಡಬಾರದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಕುತ್ತಿಗೆಯೇ ತಿರುಗಲಿಲ್ಲವಂತೆ. ಹೆದರಿಕೆಗೆ ಬಲಗೈ ಬೆರಳು ನಾಲ್ಕೂ ಮುಂದಿನ ಬ್ರೇಕನ್ನ ಕಚ್ಚಿ ಹಿಡೀತು.

ಕಿವಿ ಪಕ್ಕದಲ್ಲೇ ಪಿಸುಮಾತು.

"ಮುಂದಿನ ಬ್ರೇಕ್ ಬಿಡು..."

ಬಿಟ್ಲು. ಬಿಟ್ಟಳು ಅಂತಲೇ ಇವತ್ತು ಬದುಕಿದ್ದಾಳೆ. ಆದ್ರೆ ಅಷ್ಟರಲ್ಲಿ ಹಿಂದಿನ ಚಕ್ರ ಹೊರಗೆ ಜಾರಿತ್ತು. ಬೈಕು ಮಗ್ಗುಲಾಯ್ತು. ಇವಳು ರಸ್ತೆಗೆ ಬಿದ್ಲು, ಬೈಕು ಅವಳ ಕಾಲ ಕೆಳಗಿಂದ ನುಸುಳಿ ಹೋಯ್ತು. ಕರ್ರ್ರ್ರ್... ಅಂತ ಕಬ್ಬಿಣ ಟಾರನ್ನ ಕೆರೆಯೋ ಸದ್ದು, ಬಾವಿ ಕಡೆಗೆ. ಒಡೆದ ಕಟ್ಟೆ ಕಡೆಗೆ. ಲೈಟು ಆರಿತು.

ಆಮೇಲೆ ಧುಡುಂ ಅನ್ನಬೇಕಿತ್ತು.

ಅನ್ನಲಿಲ್ಲ.

ಚೂಟಿ ಬಿದ್ದಲ್ಲೇ ಬಿದ್ದುಕೊಂಡು ಆ ಸದ್ದಿಗೆ ಕಾಯ್ತಿದ್ದಾಳೆ. ಬೈಕು ಬಾವಿಗೆ ಬಿದ್ದ ಸದ್ದು ಬರಬೇಕು, ಬರ್ತಿಲ್ಲ. ಮಳೆ ಹನಿ ರೈನ್‌ಕೋಟಿನ ಮೇಲೆ ಟಪ್ ಟಪ್ ಅಂತಿದೆ. ಅಷ್ಟೇ... ತುಂಬಾ ಹೊತ್ತಾದ ಮೇಲೆ, ಬಾವಿಯ ಆಚೆ ಕಡೆಯಿಂದ, ಕಿರ್ರ್... ಟಕ್.

ಅದೇನು ಸದ್ದು ಅಂತ ಅವಳಿಗೆ ಗೊತ್ತಾಗಲಿಲ್ಲ. ಮೊಬೈಲು ಬ್ಯಾಗಲ್ಲೇ ಇತ್ತು, ತೆಗೆದು ಆ ಕಡೆ ಬೆಳಕು ಬಿಡೋ ಧೈರ್ಯ ಬರಲಿಲ್ಲ.

"ಅಣ್ಣಾ," ಅಂದ್ಲು.

"ಹೋಗು," ಅಂತು ಕತ್ತಲೆ. "ಕಾಯ್ತಿದ್ದಾರೆ."

ಎದ್ಲು. ಮೊಣಕೈ ಕಿತ್ತುಹೋಗಿತ್ತು, ಕಾಲು ಉಳುಕಿತ್ತು. ಬ್ಯಾಗನ್ನ ಎದೆಗೆ ಅವುಚಿಕೊಂಡು ಕುಂಟುತ್ತಾ ನಡೆದ್ಲು, ಹಿಂದೆ ನೋಡಲೇ ಇಲ್ಲ. ನಡೀತಾನೇ ಆ ಗಂಡನಿಗೆ ಫೋನ್ ಮಾಡಿದ್ಲು. ಅವನು ಕ್ವಾರಿ ಟ್ರ್ಯಾಕ್ಟರ್ ತಗೊಂಡು ಮಣ್ಣು ದಾರಿ ಶುರುವಾಗೋ ಕಡೆ ಎದುರಿಗೇ ಬಂದ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಹೋದ್ಲು.

ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಇನ್ನೊಂದು ಗಳಿಗೆ ತಡ ಆಗಿದ್ರೆ ಹೋದ ವರ್ಷದ್ದೇ ಕತೆ. ಚೂಟಿ ಬೆರಳು ತೂರಿಸಿ ಬಳ್ಳಿ ಬಿಡಿಸಿದ್ಲು. ಮಗು ನೀಲಿ ನೀಲಿ... ಬೆನ್ನು ಉಜ್ಜಿದ್ಲು, ಪಾದ ತಟ್ಟಿದ್ಲು. ಮತ್ತೆ ಉಜ್ಜಿದ್ಲು. ಆಮೇಲೆ ಅಳ್ತು ನೋಡಿ. ಎಂಥಾ ಅಳು! ಆ ತಾಯಿಯೂ ಅತ್ಲು, ಚೂಟಿಯೂ ಅತ್ಲು, ಹೊಸಿಲಾಚೆ ನಿಂತಿದ್ದ ಗಂಡನೂ ಅತ್ತ. ಯಾರು ಯಾರಿಗೆ ಸಮಾಧಾನ ಹೇಳಬೇಕು ಅಂತ ಗೊತ್ತಾಗಲಿಲ್ಲವಂತೆ.

ಬೆಳಕು ಹರಿದ ಮೇಲೆ ನನಗೆ ಫೋನ್ ಬಂತು. "ಅಣ್ಣಾ, ಬೈಕು ಬಾವಿಗೆ ಬಿದ್ದಿದೆ ಅನ್ಸುತ್ತೆ. ಟೈರಣ್ಣನನ್ನ ಕರ್ಕೊಂಡು ಹೋಗಿ ನೋಡು. ನಾನು ಬರಲ್ಲ."

ಇಲ್ಲಿಂದ ಮುಂದೆ ಯಾರೋ ಹೇಳಿದ್ದಲ್ಲ. ನಾನೇ ನೋಡಿದ್ದು.

ಹಗ್ಗ, ಕೊಕ್ಕೆ ಎಲ್ಲ ತಗೊಂಡು ಟೈರಣ್ಣನ ವ್ಯಾನಲ್ಲಿ ಹೋದ್ವಿ. ಮಳೆ ಬಿಟ್ಟಿತ್ತು. ರಸ್ತೆ ಮೇಲೆ ಬೈಕು ಕೆರೆದುಕೊಂಡು ಹೋದ ಗೀರು ಬೆಳ್ಳಗೆ ಕಾಣ್ತಿತ್ತು. ಗೀರು ಒಡೆದ ಕಟ್ಟೆಯವರೆಗೂ ಹೋಗಿತ್ತು. ಕಟ್ಟೆಯ ಅಂಚಿನ ಕಲ್ಲಿನ ಮೇಲೂ ಇತ್ತು. ಅಲ್ಲಿಂದ ಮುಂದೆ ಬಾವಿ.

ಬಗ್ಗಿ ನೋಡಿದ್ವಿ. ನೀರು ನಿಶ್ಚಲ. ಪಾಚಿ ಕೂಡ ಕದಡಿಲ್ಲ.

ಟೈರಣ್ಣ ನನ್ನ ತೋಳು ಹಿಡ್ಕೊಂಡ. ಆಚೆ ಕಡೆ ಕೈ ತೋರಿಸಿದ.

ಬೈಕು ಬಾವಿಯ ಆ ದಡದಲ್ಲಿತ್ತು. ಬಿದ್ದಿರಲಿಲ್ಲ. ಸೈಡ್ ಸ್ಟ್ಯಾಂಡ್ ಹಾಕಿ ನೀಟಾಗಿ ನಿಲ್ಲಿಸಿತ್ತು, ಅಂಗಡಿ ಮುಂದೆ ನಿಲ್ಲಿಸ್ತೀವಲ್ಲ, ಹಾಗೆ. ಸುತ್ತ ಮಳೆಗೆ ನೆಂದ ಮಣ್ಣು, ಕಾಲಿಟ್ರೆ ಹೂತುಹೋಗುತ್ತೆ. ಆ ಮಣ್ಣಲ್ಲಿ ಒಂದು ಹೆಜ್ಜೆ ಗುರುತಿಲ್ಲ, ಒಂದು ಚಕ್ರದ ಗುರುತಿಲ್ಲ. ಆಮೇಲೆ ನಾವು ನಡೆದು ಹೋದಾಗ ಬಿದ್ದವು ನಮ್ಮ ಹೆಜ್ಜೆ, ಅಷ್ಟೇ.

"ಟೈರಣ್ಣ... ಯಾರು ಅವನು?"

ಅವನು ಸೀಟಿನ ಮೇಲೆ ಕೈಯಿಟ್ಟು ನಿಂತಿದ್ದ. ಮಗುವಿನ ತಲೆ ಸವರಿದ ಹಾಗೆ ಸವರ್ತಿದ್ದ.

"ನನ್ನ ತಮ್ಮ," ಅಂದ. "ಅಂಗಡಿಯಲ್ಲಿ ನನ್ನ ಜೊತೆಗೇ ಇದ್ದ. ಬಂದವರಿಗೆಲ್ಲ ಮೊದಲು ಅದನ್ನೇ ಕೇಳೋನು. ಅವನಿಂದಲೇ ನನಗೂ ಆ ಮಾತು ಅಭ್ಯಾಸ ಆಗಿದ್ದು. ಗುಡ್ಡ ಹತ್ತೋ ಹುಚ್ಚು, ಅದಕ್ಕೆ ದೊಡ್ಡ ಹಲ್ಲಿಂದು ಹಾಕ್ಕೊಂಡ. ಒಂದು ಮಳೆ ರಾತ್ರಿ ಇಲ್ಲೇ ಜಾರಿದ... ಈ ಕಟ್ಟೆ ಒಡೆದಿದ್ದು ಅವತ್ತೇ."

ಹಾಗಂದವನೇ ಬೈಕಿನ ಸ್ಟ್ಯಾಂಡ್ ಎತ್ತಿದ. ನಾನು ಹಿಂದಿನಿಂದ ತಳ್ಳಿದೆ.

ಬೈಕನ್ನ ಅಂಗಡಿಗೆ ತಂದ್ವಿ. ಚೂಟಿ ಫೋನಲ್ಲೇ ಹೇಳಿದ್ಲು, ನಡುವಿನ ಟೈರು ಹಾಕಿಬಿಡಿ ಅಂತ. ಇವತ್ತಿಗೂ ಅದೇ ಹಾಕ್ಕೊಂಡಿದ್ದಾಳೆ, ಕೆಸರಲ್ಲೂ ಹೋಗ್ತಾಳೆ, ಟಾರಲ್ಲೂ ಹೋಗ್ತಾಳೆ, ತೊಂದರೆ ಇಲ್ಲ.

ಟೈರಣ್ಣ ಹಿಂದಿನ ಚಕ್ರ ಬಿಚ್ಚಿ ನೆಲಕ್ಕೆ ಮಲಗಿಸಿದ. ಗಾಳಿ ತುಂಬಿದ ಹಾಗೇ ಇತ್ತು, ಎಲ್ಲೂ ತೂತಿಲ್ಲ. ಗಾಳಿ ಬಿಟ್ಟ. ಸುಸ್ಸ್... ಕಬ್ಬಿಣದ ಪಟ್ಟಿ ತೂರಿಸಿ ರಿಮ್ಮಿಂದ ಟೈರು ಎಬ್ಬಿಸಿದ.

ಟೈರಿಗೂ ಟ್ಯೂಬಿಗೂ ನಡುವಿಂದ ನೀರು ಬಂತು. ಗಳಗಳ ಅಂತ, ಒಂದು ಚೊಂಬಿನಷ್ಟು. ಬಾವಿ ಪಾಚಿ ವಾಸನೆ, ಮುಟ್ಟಿದ್ರೆ ಕೈ ಮರಗಟ್ಟೋ ಅಷ್ಟು ತಣ್ಣಗೆ. ಮಳೆ ನೀರು ಒಳಗೆ ಇಳಿದಿರಬೇಕು ಅಂತೀರಾ? ನಾನೂ ಹಾಗೇ ಅಂದೆ ರೀ. ಅಷ್ಟರಲ್ಲಿ ಅಂಗಡಿಯ ಸಿಮೆಂಟು ನೆಲದ ಮೇಲೆ ಏನೋ ಚಟಪಟ ಅಂತು.

ಮೀನು. ಕಿರುಬೆರಳಷ್ಟು ಉದ್ದದ್ದು. ಜೀವ ಇತ್ತು.

ನಂಬೋದು ಬಿಡೋದು ನಿಮ್ಮಿಷ್ಟ. ಅದನ್ನ ಎತ್ತಿ ಬಕೆಟ್ಟಿಗೆ ಬಿಟ್ಟಿದ್ದು ನಾನು, ಈ ಕೈಯಲ್ಲೇ. ಒಂದು ಸುತ್ತು ಈಜಿ, ತಳಕ್ಕೆ ಹೋಗಿ ನಿಂತ್ಕೊಳ್ತು.