ಪಟ್ಟಿ ಬರೆದವಳು

ಎರ್ನಾಕುಲಂ ಜೆಟ್ಟಿಯ ಹೆಂಗಸರ ಸಾಲಿನಲ್ಲಿ ಕಾಸರಗೋಡಿನ ಕನ್ನಡ ಕಿವಿಗೆ ಬಿದ್ದದ್ದೇ, ಅದೇ ಊರಿನ ಸುಶೀಲ ತಲೆಯೆತ್ತಿದಳು. ಮಾತಾಡುತ್ತಿದ್ದವರು ಅವಳ ಮುಂದೆಯೇ ನಿಂತಿದ್ದ ಹುಡುಗಿ, ಮತ್ತು ಕಂಬಿಯಾಚೆ ಕಂಪ್ಯೂಟರ್ ಅಂಗಡಿಯ ಚೀಲ ಹಿಡಿದಿದ್ದ ಅವಳ ಅಪ್ಪ. ಗಂಡಸರ ಸಾಲು ಉದ್ದವೆಂದು ಟಿಕೆಟಿಗೆ ಮಗಳನ್ನು ನಿಲ್ಲಿಸಿದ್ದ.

“ನೀನು ಬರೆದದ್ದೆಲ್ಲ ತಕ್ಕೊಂಡೆ ದೀಪ್ತಿ. ಪ್ರೊಸೆಸರ್ ಮಾತ್ರ ಪೆಂಟಿಯಂ.”

“ನಾನು ಬರೆದದ್ದು ಅಥ್ಲಾನ್. ಕಡಿಮೆ ದುಡ್ಡಿಗೆ ಗೇಮ್ ಚೆನ್ನಾಗಿ ಓಡುವುದು ಅದರಲ್ಲಿ.”

“ಆಫೀಸಿನ ಕೃಷ್ಣಕುಮಾರ್ ಪೆಂಟಿಯಂ ಒಳ್ಳೇದು ಅಂದ.”

“ಮದರ್‌ಬೋರ್ಡ್ ಯಾವುದು?”

“ನೀನು ಬರೆದದ್ದೇ.”

“ಅಪ್ಪಾ, ಅದು ಅಥ್ಲಾನಿನ ಬೋರ್ಡು. ಅದರಲ್ಲಿ ಪೆಂಟಿಯಂ ಕೂರುವುದೇ ಇಲ್ಲ.”

“ಅಣ್ಣ ಕೂರಿಸ್ತಾನೆ.”

“ಅಣ್ಣನಿಗೆ ಆಡ್ಲಿಕ್ಕೆ ಮಾತ್ರ ಗೊತ್ತು. ಮೂರು ತಿಂಗಳು ಓದಿ ಪಟ್ಟಿ ಮಾಡಿದ್ದು ನಾನು.”

“ಅವನದ್ದೇ ಅಂತ ಗ್ರಹಿಸಿದ್ದೆ. ನಿನ್ನ ಅಕ್ಷರ ಅಂತ ಗೊತ್ತಾದ ಮೇಲೆ, ಯಾರ ಹತ್ರವಾದರೂ ಒಂದು ಮಾತು ಕೇಳುವಾ ಅನ್ನಿಸಿತು.”

ದೀಪ್ತಿ ಎರಡು ಟಿಕೆಟ್ ಪಡೆದು ಸಾಲಿನಿಂದ ಹೊರಬಂದಳು.

“ಅಂಗಡಿ ತೆರೆದೇ ಉಂಟು. ಈಗಲೇ ಹೋಗಿ ಬದಲಾಯಿಸುವಾ.”

“ಕೃಷ್ಣಕುಮಾರ್ ಎಂತ ಗ್ರಹಿಸ್ತಾನೆ? ಕೂರದಿದ್ರೆ, ಪಟ್ಟಿ ನೀನು ಬರೆದದ್ದು ಅಂತ ಅಣ್ಣನಿಗೆ ಹೇಳುವಾ. ಬಾ, ಬೋಟು ಬಂತು.”

ಚೀಲವನ್ನು ಮಗಳ ಕೈಗೆ ಕೊಟ್ಟು ಅಪ್ಪ ಮುಂದೆ ನಡೆದ.