ಗಂಗಿಯ ನಾಲ್ಕು ದಾರ

ಬರ್ರಿ, ಹತ್ತಿರ ಸರಿದು ಕೂತ್ಕಳ್ರಿ. ಕಾಲು ಕಂಬಳಿ ಒಳಗೆ ಎಳ್ಕಳ್ರಿ. ಆ ಟಿವಿ ಆರಿಸಪ್ಪ ಮೊದ್ಲು... ಆರಿಸಿದ ಮೇಲೂ ಒಂದು ಬಟ್ಟೆ ಹಾಕು. ನಗಬೇಡ. ನಾನು ಹೇಳಿ ಮುಗಿಸೋ ಹೊತ್ತಿಗೆ ನೀನೇ ಎದ್ದು ಹೋಗಿ ಆ ಬಟ್ಟೆ ಸರಿಮಾಡಿ ಬರ್ತೀಯ.

ನನ್ನ ಚಿಕ್ಕಪ್ಪನ ಮಗಳು ಬೊಮ್ಮಕ್ಕ. ಅವಳ ಗಂಡ ಪಾಲಣ್ಣ, ಸೂತ್ರದ ಗೊಂಬೆ ಆಡಿಸೋನು. ನಮ್ಮ ಜಗಳೂರು ಕಡೆಯಿಂದ ಹೋಗಿ ಸಾಸ್ವೆಹಳ್ಳೀಲಿ ನೆಲೆ ನಿಂತಿದ್ರು. ಒಬ್ಬಳೇ ಮಗಳು, ಗಂಗಿ. ಆರು ವರ್ಷಕ್ಕೆ ಜ್ವರ ಬಂದು ಹೋಗಿಬಿಟ್ಲು. ಪಾಲಣ್ಣ ಅಳಲಿಲ್ಲ. ಹಾಲುವಾಣದ ಮರ ತಂದು ಒಂದು ಗೊಂಬೆ ಕೆತ್ತಿದ. ಮಗಳ ಕೆಂಪು ಲಂಗಾನೇ ಕತ್ತರಿಸಿ ಉಡಿಸಿದ. ಅದನ್ನೂ ಗಂಗಿ ಅಂತಲೇ ಕರೆದ್ರು. ಬೊಮ್ಮಕ್ಕ ಪರದೆ ಹಿಂದೆ ಕೂತು ಅದಕ್ಕೆ ದನಿ ಕೊಡ್ತಿದ್ಲು.

ಅವರ ಮನೇಲಿ ಒಂದು ಕಟ್ಟಳೆ ಇತ್ತು. ಆಟ ಆದ ಮೇಲೆ ಗೊಂಬೆಯ ದಾರ ಬಿಚ್ಚಬೇಕು. ಬೋರಲು ಮಲಗಿಸಬೇಕು. "ಆಟ ಮುಗೀತು, ಮಲಗವ್ವ" ಅನ್ನಬೇಕು. ದಾರದಲ್ಲಿ ನೇತಾಡಾಕೆ ಬಿಟ್ರೆ ಅದಕ್ಕೆ ನಿದ್ದೆ ಇಲ್ಲ. ನಾಲ್ಕು ದಾರ, ಅಡಿಕೆ ಬೇಯಿಸಿದ ಚೊಗರಲ್ಲಿ ಅದ್ದಿ ಒಣಗಿಸಿದ್ದು. ಕಂದುಗೆಂಪು ಬಣ್ಣ, ಎಳೆದ್ರೆ ಹರಿಯಲ್ಲ.

ಟಿವಿ ಹೊಸದಾಗಿ ಬಂದ ಕಾಲ. ಒಂದಿನ ಪಟ್ಟಣದಿಂದ ಪ್ಯಾಂಟಿನವನೊಬ್ಬ ಬಂದ. ಟಿವೀಲಿ ಮಕ್ಕಳಿಗೆ ಗೊಂಬೆಯಾಟ ಹಾಕ್ತೀವಿ, ಈ ಹುಡುಗಿ ಗೊಂಬೆ ಬೇಕು, ಆಟ ಮುಗಿದ ತಕ್ಷಣ ವಾಪಸ್ಸು ಅಂದ. ಬೊಮ್ಮಕ್ಕ ಬಟ್ಟೆ ಒಗೆಯಾಕೆ ಹೊಳೆಗೆ ಹೋಗಿದ್ಲು. ಪಾಲಣ್ಣ ದಾರ ಬಿಚ್ಚಾಕೆ ಕೈ ಹಾಕಿದ್ರೆ, "ಬಿಚ್ಚಬೇಡ ಮಾರಾಯ, ಮತ್ತೆ ಕಟ್ಟೋರ್ಯಾರು? ಹಂಗೇ ಕೊಡು, ಬಸ್ಸು ಹೊರಡುತ್ತೆ" ಅಂದ.

ಟಿವೀಲಿ ಬರೋ ಆಸೆ... ಹಂಗೇ ಕೊಟ್ಟುಬಿಟ್ಟ.

ಬೊಮ್ಮಕ್ಕ ಬಂದು ಖಾಲಿ ಪೆಟ್ಟಿಗೆ ನೋಡಿದ್ಲು. "ಸತ್ತ ಮಗಳನ್ನೂ ದುಡಿಯಾಕೆ ಕಳಿಸಿದ್ಯಲ್ಲ ನೀನು" ಅಂದ್ಲು. ಅಷ್ಟೇ. ಅವತ್ತಿಂದ ಅವನ ಸಂಗಡ ಮಾತು ಬಿಟ್ಲು.

ಊರಲ್ಲಿ ಟಿವಿ ಇದ್ದಿದ್ದು ಅಡಿಕೆ ವ್ಯಾಪಾರದ ಮುರುಗೇಶಪ್ಪನ ಮನೇಲಿ ಒಂದೇ. ಭಾನುವಾರ ಸಂಜೆ ಆಟ. ಬೊಮ್ಮಕ್ಕ ಹೋದ್ರೆ ಅವನ ಹೆಂಡ್ತಿ ಸರ್ವಮಂಗಳಮ್ಮ, "ಒಳಗೆ ಜಾಗ ಇಲ್ಲ ಕಣೆ, ಕಿಟಕೀಲಿ ನೋಡು. ನಿನ್ನ ಗೊಂಬೆ ಅಲ್ವೇನೆ? ನಿನ್ನ ಹುಡುಕ್ಕೊಂಡು ಅದೇ ಕಿಟಕಿಗೆ ಬರ್ತೈತೆ" ಅಂತ ನಕ್ಲು.

ಗಂಗಿ ಕುಣಿದ್ಲು. ಮಕ್ಕಳು ಚಪ್ಪಾಳೆ ಹೊಡೆದ್ವು. ಆದ್ರೆ ದನಿ? ಯಾವಳೋ ಪಟ್ಟಣದವಳದು, ಇಲಿ ಕಿರುಚಿದಂಗೆ. ಕೊನೆಗೆ ಸಾಲಾಗಿ ಹೆಸರು ಬಂದ್ವು. ಓದು ಬರೋ ಹುಡುಗರನ್ನ ಬೊಮ್ಮಕ್ಕ ಕೇಳಿದ್ಲು. ಪಾಲಣ್ಣನ ಹೆಸರಿರಲಿಲ್ಲ.

ಎಂಟು ವಾರಕ್ಕೆ ಆಟ ಮುಗೀತು. ಗೊಂಬೆ ಬರಲಿಲ್ಲ. ತಡೀಲಾರದೆ ಪಾಲಣ್ಣನೇ ಕೇಳಾಕೆ ಪಟ್ಟಣಕ್ಕೆ ಹೋದ.

ಅವನು ವಾಪಸ್ಸು ಬಂದಿದ್ದು ಅಮಾಸೆ ಹಿಂದಿನ ರಾತ್ರಿ. ಕೊನೇ ಬಸ್ಸಿಗೆ ಬೊಮ್ಮಕ್ಕ ಲಾಟೀನು ಹಿಡ್ಕೊಂಡು ಕಾದಿದ್ಲು. ಅವನ ಕೈ ಖಾಲಿ. ಇಬ್ಬರೂ ಮುರುಗೇಶಪ್ಪನ ಮನೆ ಹಿಂದಿನ ಬಾವಿ ದಾರಿ ಹಿಡಿದ್ರು. ಊರಿಗೇ ಕರೆಂಟ್ ಇಲ್ಲ. ಮುರುಗೇಶಪ್ಪನ ಮನೆಯೋರು ಮದುವೆಗೆ ಅಂತ ಚನ್ನಗಿರಿಗೆ ಹೋಗಿದ್ರು. ಬಾಗಿಲಿಗೆ ಬೀಗ.

"ಎಲ್ಲಿ?" ಅಂದ್ಲು. ಮೂರು ತಿಂಗಳ ಮೇಲೆ ಅವನ ಸಂಗಡ ಅವಳು ಆಡಿದ ಮೊದಲ ಮಾತು.

"ಗೋಡೌನಿನಾಗೆ ಐತಂತೆ. ಯಾವ ಮೂಲೆಗೋ ಗೊತ್ತಿಲ್ವಂತೆ. ನಾಳೆ ಬಾ, ನಾಳೆ ಬಾ ಅಂದ್ರು."

"ದಾರ ಬಿಚ್ಚಿದ್ರಂತಾ?"

ಅವನು ಪಿಸುಗುಟ್ಟಿದ. "ಮೊಳೆಗೆ ನೇತಾಕಿರ್ತಾರೆ."

ಟಕ್...

ಟಕ್... ಟಕ್...

ಬಾವಿ ರಾಟೆ ಅಲ್ಲ. ರಾಟೆ ಕಿರ್ ಅಂತೈತೆ. ಇದು ಮರದ ಕಾಲು ಒಂದಕ್ಕೊಂದು ತಗಲಿದ ಸದ್ದು. ಕೆತ್ತಿದ ಕೈಗೆ ತನ್ನ ಗೊಂಬೆಯ ಸದ್ದು ಗೊತ್ತಾಗಲ್ವಾ?

ಮುರುಗೇಶಪ್ಪನ ಮನೆಯ ಅದೇ ಕಿಟಕಿ ತೆರೆದಿತ್ತು. ಒಳಗೆ ನೀಲಿ ಬೆಳಕು. ಕರೆಂಟ್ ಇಲ್ಲ, ಮನೇಲಿ ಜನ ಇಲ್ಲ... ಟಿವಿ ಉರೀತಿತ್ತು. ಕಾದ ಹೆಂಚಿಗೆ ನೀರು ಚಿಮುಕಿಸಿದಂಗೆ ಸುಸ್ಸ್... ಅಂತ ಸದ್ದು. ಗಾಜಿನ ಒಳಗೆ ಗಂಗಿ ನೇತಾಡ್ತಿದ್ಲು. ತಲೆ ಬಗ್ಗಿ, ಕೈ ಜೋತು.

"ಅವ್ವಾ... ಆಟ ಇನ್ನೂ ಐತಾ?"

ಪಟ್ಟಣದವಳ ದನಿ ಅಲ್ಲ. ಬೊಮ್ಮಕ್ಕ ಪರದೆ ಹಿಂದೆ ಆಡ್ತಿದ್ದ ದನೀನೂ ಅಲ್ಲ. ಜ್ವರದಲ್ಲಿ ಮಗು ನೀರು ಕೇಳ್ತಿತ್ತಲ್ಲ... ಆ ದನಿ.

ಪಾಲಣ್ಣ ಲಾಟೀನು ಈಸ್ಕೊಂಡ. ಬೊಮ್ಮಕ್ಕ ಸರಳಿನ ಒಳಗೆ ತೋಳು ಚಾಚಿದ್ಲು. ಟಿವಿ ಇದ್ದಿದ್ದು ಆಚೆ ಗೋಡೆಗೆ. ಎಟುಕೋ ಮಾತೇ ಇಲ್ಲ. ಆದ್ರೂ ಗಂಟು ಬಿಚ್ಚೋ ಹಂಗೆ ಬೆರಳು ಆಡಿಸಿದ್ಲು. ಒಂದು... ಎರಡು... ಮೂರು... ನಾಲ್ಕು.

"ಮುಗೀತವ್ವ. ಮಲಗು."

ಬೆಳಕು ಆರಿತು. ತೋಳು ಈಚೆ ತೆಗೆದು ಲಾಟೀನಿನ ಮುಂದೆ ಮುಷ್ಟಿ ಬಿಚ್ಚಿದ್ಲು. ನಾಲ್ಕು ದಾರ. ಚೊಗರಿನ ಬಣ್ಣ.

ಸುಳ್ಳು ಅನ್ಬೇಡ. ಆ ದಾರ ನಾನು ಕೈಯಾರೆ ಮುಟ್ಟೀನಿ.

ಆಮೇಲೆ? ಪಾಲಣ್ಣ ಮತ್ತೆ ಉಳಿ ಹಿಡೀಲಿಲ್ಲ. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಾರ್ತಾ ಮಾರ್ತಾ, ಒಂದು ಚಳಿಗಾಲ ಕೆಮ್ಮಿ ಕೆಮ್ಮಿ ಹೋದ. ಸರ್ವಮಂಗಳಮ್ಮ ಈ ಸುದ್ದಿ ಕೇಳಿ ನಕ್ಲು. ನಗ್ತಾ ನಗ್ತಾನೇ ಆ ಟಿವಿ ನ್ಯಾಮತಿಯೋರಿಗೆ ಮಾರಿ, ಕಿಟಕಿಗೆ ಇಟ್ಟಿಗೆ ಕಟ್ಟಿಸಿದ್ಲು. ಪ್ಯಾಂಟಿನವನಿಗೆ ಏನೂ ಆಗಲಿಲ್ಲ. ಅಂಥೋರಿಗೆ ಏನೂ ಆಗಲ್ಲ ಮಗಾ. ಬಡ್ತಿ ಸಿಕ್ತಂತೆ.

ಬೊಮ್ಮಕ್ಕ ಕೊನೆಗೆ ನಮ್ಮನೇಲೇ ಇದ್ಲು. ಹೋದ ವರ್ಷ ಕಣ್ಣು ಮುಚ್ಚೋಕೆ ಮುಂಚೆ, ಅದೇ ಹಳೇ ಗೊಂಬೆಯಾಟ ಟಿವೀಲಿ ಮತ್ತೆ ಹಾಕಿದ್ರು. ಅವಳೂ ನಾನೂ ಇದೇ ಜಗಲೀಲಿ ಕೂತು ನೋಡಿದ್ವಿ. ಅದೇ ಆಟ, ಅದೇ ಹಾಡು. ಎಲ್ಲ ಗೊಂಬೆ ಕುಣೀತಿದ್ವು. ಪಟ್ಟಣದವಳ ದನಿ ಒಂದೇ ಸಮ ಕಿರುಚ್ತಿತ್ತು. ಗಂಗಿ ಮಾತ್ರ ಮೂಲೇಲಿ, ಕೆಂಪು ಲಂಗ ಹರಡ್ಕೊಂಡು ಬೋರಲು ಮಲಗಿದ್ಲು. ಮೊದಲಿಂದ ಕೊನೇತನಕ. ನಾನು ಈ ಕಣ್ಣಲ್ಲಿ ನೋಡಿದ್ದು.

ಬೊಮ್ಮಕ್ಕ ನಿಮ್ಮಪ್ಪನ ಕಡೆ ತಿರುಗಿ, "ಸಣ್ಣಗೆ ಇಡಪ್ಪ ಅದನ್ನ" ಅಂದ್ಲು. "ಮಗು ಮಲಗೈತೆ."